ಮುಂಗಾರಿಗೆ ಮುನ್ನ ಮಾಡಿನ ತಪಾಸಣೆ: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಕೊಡಗಿನಲ್ಲಿ ಮಳೆಗಾಲದ ಸಿದ್ಧತೆ ಎಂದರೆ ಸೌದೆಯನ್ನು ಒಳಗೆ ಹಾಕಿಕೊಳ್ಳುವುದು, ದಿನಸಿ ತುಂಬಿಸಿಡುವುದು, ತೋಟದ ಚರಂಡಿ ಬಿಡಿಸುವುದು, ಇವೆಲ್ಲದರ ನಡುವೆ ಪುರುಸೊತ್ತು ಸಿಕ್ಕರೆ ಸೋರುವ ಜಾಗದಲ್ಲಿ ಒಂದೆರಡು ಹೆಂಚು ಬದಲಾಯಿಸುವುದು. ಮನೆಯ ಮಾಡಿನ (ಛಾವಣಿಯ) ವಿಷಯದಲ್ಲಿ ನಮ್ಮ ಲೆಕ್ಕಾಚಾರವೆಲ್ಲ ಬಹುಮಟ್ಟಿಗೆ ನೀರಿನದ್ದೇ. "ಹೋದ ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲ" ಎಂಬುದನ್ನೇ ಮಾಡು ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಹೇಳುವವರು ಹೆಚ್ಚು. ಆದರೆ ಬಿರುಗಾಳಿಗೆ ಎದ್ದುಹೋಗುವ ಮಾಡು ಅದರ ಹಿಂದಿನ ದಿನದವರೆಗೂ ಸೋರದೆ ಇದ್ದಿರಬಹುದು. ಸೋರುವುದು ಹೊದಿಕೆಯ ದೋಷ. ಹಾರಿಹೋಗುವುದು ಮತ್ತು ಕುಸಿಯುವುದು ಹಿಡಿತದ ದೋಷ. ಹೆಂಚನ್ನು ರೀಪು (ಹೆಂಚು ಕೂರುವ ಅಡ್ಡಪಟ್ಟಿ), ರೀಪನ್ನು ಪಕ್ಕಾಸು (ನೆತ್ತಿಯಿಂದ ಸೂರಿಗೆ ಇಳಿಯುವ ಓರೆ ಮರ), ಪಕ್ಕಾಸನ್ನು ಗೋಡೆಯ ಮೇಲೆ ಮಲಗಿಸಿದ ಅಡ್ಡೆ, ಅಡ್ಡೆಯನ್ನು ಗೋಡೆ ಬಿಗಿಯಾಗಿ ಹಿಡಿದುಕೊಂಡಿರಬೇಕು. ಇವುಗಳಲ್ಲಿ ಎಲ್ಲಿ ಹಿಡಿತ ತಪ್ಪಿದೆ ಎಂಬುದನ್ನು ಮಳೆ ಹಿಡಿಯುವ ಮೊದಲೇ ಪತ್ತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗಾಳಿಯ ಬಲದ ಬಗ್ಗೆ ಒಂದು ಸಣ್ಣ ಲೆಕ್ಕ

ಗಾಳಿಯ ಒತ್ತಡ ಅದರ ವೇಗದೊಂದಿಗೆ ಸಮಸಮವಾಗಿ ಏರುವುದಿಲ್ಲ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕೆ.ಜಿ. ತೂಕದಷ್ಟು ಬಲ ಹಾಕಿದರೆ, 90 ಕಿ.ಮೀ. ವೇಗದ ಗಾಳಿ ಸುಮಾರು 38 ಕೆ.ಜಿ.ಯಷ್ಟು ಬಲ ಹಾಕುತ್ತದೆ. ಇಳಿಜಾರಿನ ಮಾಡಿನ ಮೇಲೆ ಈ ಬಲ ಕೇವಲ ಒತ್ತುವುದಿಲ್ಲ. ಗಾಳಿ ನೆತ್ತಿಯನ್ನು ದಾಟಿ ಆಚೆ ಬದಿಗೆ ಇಳಿಯುವಾಗ ಅಲ್ಲಿನ ಹೊದಿಕೆಯನ್ನು ಮೇಲಕ್ಕೆ ಎಳೆಯುತ್ತದೆ. ಸೂರಿನ ಅಂಚು, ಮೂಲೆ ಮತ್ತು ನೆತ್ತಿಯಲ್ಲಿ ಈ ಎಳೆತ ಉಳಿದ ಕಡೆಗಿಂತ ಹೆಚ್ಚು.

ಮಂಗಳೂರು ಹೆಂಚು ಒಂದಕ್ಕೆ ಸುಮಾರು ಎರಡೂವರೆ ಕಿಲೊ ತೂಗುತ್ತದೆ ಮತ್ತು ಒಂದು ಚದರ ಮೀಟರಿಗೆ ಹದಿನೈದರಷ್ಟು ಹೆಂಚು ಬೇಕಾಗುತ್ತದೆ. ಆದ್ದರಿಂದ ಹೆಂಚಿನ ಮಾಡು ತನ್ನ ತೂಕದಿಂದಲೇ ಸಾಕಷ್ಟು ಗಾಳಿಯನ್ನು ತಡೆದುಕೊಳ್ಳುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟು ಅಷ್ಟೇ ಜಾಗಕ್ಕೆ ಐದು ಕಿಲೊ ಕೂಡ ತೂಗುವುದಿಲ್ಲ. ಅದನ್ನು ಮಾಡಿನ ಮೇಲೆ ಉಳಿಸುವುದು ಸ್ಕ್ರೂ ಮಾತ್ರ. ಹೆಂಚು ತೆಗೆದು ಶೀಟು ಹೊದಿಸಿದ ಮನೆಗಳು ಜಿಲ್ಲೆಯಾದ್ಯಂತ ಹೆಚ್ಚುತ್ತಿರುವ ಈ ದಿನಗಳಲ್ಲಿ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ. ಹಳೆಯ ಪಕ್ಕಾಸಿಗೆ ಭಾರ ಕಡಿಮೆಯಾಯಿತು ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ; ಆದರೆ ಅದೇ ಭಾರ ಮಾಡನ್ನು ಕೆಳಗೆ ಹಿಡಿದಿಟ್ಟಿತ್ತು ಎಂಬುದನ್ನು ಮರೆಯುತ್ತೇವೆ.

ಯಾವಾಗ ಪ್ರಾರಂಭಿಸಬೇಕು

ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಕೊಡಗನ್ನು ಮುಟ್ಟುತ್ತದೆ. ಆದರೆ ಮಾಡಿಗೆ ಮೊದಲ ಪರೀಕ್ಷೆ ಒಡ್ಡುವುದು ಮುಂಗಾರಲ್ಲ, ಏಪ್ರಿಲ್ ಮತ್ತು ಮೇ ತಿಂಗಳ ಗುಡುಗುಮಳೆ. ಭಾಗಮಂಡಲ, ನಾಪೋಕ್ಲು, ಮಾಕುಟ್ಟದ ಕಡೆ ಸುರಿಯುವ ಮಳೆಯ ಒಂದು ಪಾಲು ಮಾತ್ರ ಕುಶಾಲನಗರದ ಕಡೆ ಬೀಳುತ್ತದೆ ಎಂಬುದು ನಿಜ. ಆದರೆ ಗುಡುಗುಮಳೆಯ ಜೊತೆ ಬೀಸುವ ಗಾಳಿಗೆ ಅಂಥ ಭೇದವಿಲ್ಲ. ಮುಂಗಾರಿನ ಗಾಳಿ ನೈಋತ್ಯ ಮತ್ತು ಪಶ್ಚಿಮದಿಂದ ತಿಂಗಳುಗಟ್ಟಲೆ ಒಂದೇ ಸಮನೆ ಬೀಸಿದರೆ, ಈ ಬೇಸಿಗೆಯ ಗಾಳಿ ಯಾವ ದಿಕ್ಕಿನಿಂದ ಬೇಕಾದರೂ ಕೆಲವೇ ನಿಮಿಷ ನುಗ್ಗಿ ಹೋಗುತ್ತದೆ. ಹಾಗಾಗಿ "ನಮ್ಮ ಮನೆಗೆ ಪಡುವಣ ಬದಿ ಒಂದೇ ಭಯ" ಎಂದು ಉಳಿದ ಬದಿಗಳನ್ನು ನೋಡದೆ ಬಿಡಬಾರದು.

ಕಾಫಿಯ ಹೂಮಳೆ ಬಿದ್ದ ಮರುದಿನ ಅಟ್ಟಕ್ಕೆ ಒಮ್ಮೆ ಟಾರ್ಚ್ ಹಿಡಿದು ಹತ್ತಿ, ಒದ್ದೆಯಾದ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಪೂರ್ಣ ತಪಾಸಣೆಯನ್ನು ಏಪ್ರಿಲ್‌ನಲ್ಲಿ ಮಾಡಿ, ರಿಪೇರಿಯನ್ನು ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದೊಳಗೆ, ಮುಗಿಸಬೇಕು. ಮೇ ತಿಂಗಳಲ್ಲಿ ಎಲ್ಲರ ಮನೆಗೂ ಬಡಗಿ ಮತ್ತು ವೆಲ್ಡಿಂಗ್‌ನವರು ಒಟ್ಟಿಗೇ ಬೇಕಾಗುವುದರಿಂದ, ತಪಾಸಣೆ ತಡವಾದರೆ ಕೆಲಸದವರು ಸಿಗುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಕಟ್ಟುವ ತಿಂಗಳುಗಳಾದ್ದರಿಂದ ಮೇಲೆ ಹತ್ತುವ ಕೆಲಸವೆಲ್ಲ ಬೆಳಗ್ಗೆಯೇ ಆಗಬೇಕು. ಒಂಟಿಯಾಗಿ ಏಣಿ ಹತ್ತಬಾರದು. ಏಣಿಯ ಬುಡವನ್ನು ಒಬ್ಬರು ಹಿಡಿದಿರಬೇಕು, ತುದಿ ಸೂರಿಗಿಂತ ಮೂರು ಅಡಿಯಷ್ಟು ಮೇಲಕ್ಕೆ ಬರಬೇಕು.

ಮೊದಲ ಹಂತ: ಅಂಗಳದಿಂದ ನೋಡುವುದು

ತಪಾಸಣೆಯ ಅರ್ಧ ಭಾಗಕ್ಕೆ ಏಣಿಯೇ ಬೇಕಾಗಿಲ್ಲ. ಅಂಗಳದ ಕೊನೆಗೆ, ಸಾಧ್ಯವಾದರೆ ಮನೆಯ ಮೇಲ್ಬದಿಯ ತೋಟಕ್ಕೆ ಹೋಗಿ ನಿಂತು ಮಾಡಿನ ನೆತ್ತಿಯ ಗೆರೆಯನ್ನು ನೋಡಬೇಕು. ಅದು ನೇರವಾಗಿರಬೇಕು. ನಡುವೆ ತಗ್ಗಿದ್ದರೆ ನೆತ್ತಿಯ ತೊಲೆ ಬಾಗಿದೆ ಅಥವಾ ಅದನ್ನು ಹೊತ್ತ ಕಂಬ ಕುಸಿದಿದೆ ಎಂದರ್ಥ. ಇಳಿಜಾರಿನಲ್ಲಿ ಹೆಂಚಿನ ಸಾಲುಗಳು ಒಂದು ಕಡೆ ಅಲೆಯಂತೆ ಏರಿಳಿದಿದ್ದರೆ ಅಲ್ಲಿನ ಪಕ್ಕಾಸು ಅಥವಾ ರೀಪು ಸೋತಿದೆ. ಸೂರಿನ ಅಂಚು ಒಂದು ಮೂಲೆಯಲ್ಲಿ ಜೋತುಬಿದ್ದಿದ್ದರೆ ಪಕ್ಕಾಸಿನ ತುದಿ ಕೊಳೆತಿರುವ ಸಾಧ್ಯತೆ ಹೆಚ್ಚು.

ಫೋನಿನ ಕ್ಯಾಮೆರಾವನ್ನು ಹಿಗ್ಗಿಸಿ ಪ್ರತಿ ಬದಿಯ ಚಿತ್ರ ತೆಗೆದು, ವರ್ಷ ನಮೂದಿಸಿ ಇಟ್ಟುಕೊಳ್ಳಿ. ಬಾಗು ಹಳೆಯದಾಗಿದ್ದು ಹಲವು ವರ್ಷಗಳಿಂದ ಅಷ್ಟೇ ಇದ್ದರೆ ಗಾಬರಿಗೆ ಕಾರಣವಿಲ್ಲ. ಈ ವರ್ಷ ಹೊಸದಾಗಿ ಕಾಣಿಸಿಕೊಂಡಿದ್ದರೆ ಅಥವಾ ಹೆಚ್ಚಾಗಿದ್ದರೆ ತಕ್ಷಣ ಬಡಗಿಯನ್ನು ಕರೆಸಬೇಕು. ಹಳೆಯ ಚಿತ್ರವಿಲ್ಲದೆ ಈ ಎರಡನ್ನು ಬೇರ್ಪಡಿಸುವುದು ಕಷ್ಟ.

ಎರಡನೇ ಹಂತ: ಅಟ್ಟದ ಒಳಗಿನಿಂದ

ಇದು ಅತ್ಯಂತ ಮುಖ್ಯವಾದ, ಆದರೆ ಸಾಮಾನ್ಯವಾಗಿ ಯಾರೂ ಮಾಡದ ಹಂತ. ಅಟ್ಟದಲ್ಲಿ ಹಳೆಯ ಪಾತ್ರೆ, ಕಾಫಿ ಚೀಲ, ಬುಟ್ಟಿ ತುಂಬಿರುವುದರಿಂದ ಗೋಡೆಯ ಹತ್ತಿರದವರೆಗೆ ಹೋಗಲು ದಾರಿಯೇ ಇರುವುದಿಲ್ಲ. ಮೊದಲು ಆ ದಾರಿ ಬಿಡಿಸಿಕೊಳ್ಳಿ, ಏಕೆಂದರೆ ನೋಡಬೇಕಾದದ್ದು ಇರುವುದು ಅಲ್ಲಿಯೇ.

ಬಿಸಿಲಿರುವಾಗ ದೀಪ ಆರಿಸಿ ಕೆಲವು ನಿಮಿಷ ಕತ್ತಲೆಗೆ ಕಣ್ಣು ಹೊಂದಿಸಿಕೊಂಡರೆ, ಒಡೆದ ಹೆಂಚು ಮತ್ತು ಶೀಟಿನ ತೂತುಗಳು ಬೆಳಕಿನ ಚುಕ್ಕಿಗಳಾಗಿ ತಾವಾಗಿಯೇ ಕಾಣುತ್ತವೆ. ಅವುಗಳನ್ನು ಗುರುತು ಮಾಡಿಕೊಂಡ ಮೇಲೆ ಟಾರ್ಚ್ ಹಾಕಿ ಮರದ ಕಡೆಗೆ ತಿರುಗಬೇಕು. ಮರದ ಮೇಲೆ ಕಪ್ಪು ಅಥವಾ ಬಿಳಿಯ ಕಲೆ ಇದ್ದಲ್ಲಿ ನೀರು ಇಳಿದಿದೆ. ಕಲೆ ಕಂಡ ಜಾಗಕ್ಕೆ ಸರಿಯಾಗಿ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಪಕ್ಕಾಸಿನ ಗುಂಟ ಹಲವು ಅಡಿ ಜಾರಿ ಬಂದು ಗಂಟಿರುವ ಕಡೆಯೋ ಮೊಳೆ ಹೊಡೆದ ಕಡೆಯೋ ತೊಟ್ಟಿಕ್ಕುತ್ತದೆ. ಆದ್ದರಿಂದ ಕಲೆಯಿಂದ ಮೇಲ್ಮುಖವಾಗಿ ಹುಡುಕುತ್ತ ಹೋಗಬೇಕು.

ಈಗ ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿ. ಪ್ರತಿಯೊಂದು ಪಕ್ಕಾಸು ಗೋಡೆಯ ಮೇಲೆ ಕೂರುವ ಜಾಗದಲ್ಲಿ, ಅಡ್ಡೆಗೆ ತಾಗುವ ಕೆಳಮೈಯಲ್ಲಿ, ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಬೇಕು. ಗಟ್ಟಿ ಮರದಲ್ಲಿ ತುದಿ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ಹೋಗುವುದಿಲ್ಲ. ಒಳಗೆ ಕೊಳೆತ ಮರದ ಮೇಲ್ಪದರ ಬಣ್ಣ ಬಳಿದಂತೆ ನುಣುಪಾಗಿಯೇ ಇದ್ದು, ಒತ್ತಿದ ಕೂಡಲೇ ಸ್ಕ್ರೂಡ್ರೈವರ್ ಅರ್ಧ ಇಂಚು ಇಳಿದು, ಹೊರಗೆಳೆದಾಗ ತುದಿಗೆ ಕಂದು ಪುಡಿ ಅಂಟಿಕೊಂಡು ಬರುತ್ತದೆ. ಅಂಥ ಪಕ್ಕಾಸು ನಡುಭಾಗದಲ್ಲಿ ಎಷ್ಟೇ ದಪ್ಪವಾಗಿ ಕಂಡರೂ ಕೂರುವ ಕಡೆಯಲ್ಲಿ ಸತ್ತಿದೆ. ಗೆದ್ದಲಿನ ಮಣ್ಣಿನ ಗೆರೆ ಗೋಡೆಯ ಗುಂಟ ಅಡ್ಡೆಯವರೆಗೆ ಏರಿದೆಯೇ, ಮರದ ಕೆಳಗೆ ಕುಟ್ಟೆ (ಮರ ಕೊರೆಯುವ ಹುಳು) ಕೊರೆದ ಹಿಟ್ಟಿನಂಥ ಪುಡಿ ಬಿದ್ದಿದೆಯೇ ಎಂಬುದನ್ನೂ ನೋಡಬೇಕು. ಪುಡಿಯನ್ನು ಗುಡಿಸಿಬಿಟ್ಟು ವಾರದ ನಂತರ ಮತ್ತೆ ನೋಡಿದಾಗ ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಬದುಕಿದೆ ಎಂದು ತಿಳಿಯಬೇಕು.

ಹಳೆಯ ಮನೆಗಳಲ್ಲಿ ಒಂದು ವಿಶೇಷವನ್ನು ಗಮನಿಸಬಹುದು. ಸೌದೆ ಒಲೆ ಉರಿಯುತ್ತಿದ್ದ ಅಡುಗೆಮನೆಯ ಮೇಲಿನ ಮರಕ್ಕೆ ದಶಕಗಳ ಹೊಗೆ ಹಿಡಿದು ಹುಳುವಿನ ಕಾಟ ಕಡಿಮೆಯಿರುತ್ತಿತ್ತು, ತೇವವೂ ನಿಲ್ಲುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ಹೊಗೆ ನಿಂತಿದೆ. ಹೀಗಾಗಿ "ಅಡುಗೆಮನೆಯ ಮಾಡಿಗೆ ಏನೂ ಆಗುವುದಿಲ್ಲ" ಎಂಬ ಹಿರಿಯರ ಮಾತು ಅವರ ಕಾಲಕ್ಕೆ ಸರಿಯಾಗಿದ್ದರೂ ಈಗ ಆ ಭಾಗವನ್ನೂ ಉಳಿದ ಕೋಣೆಗಳಷ್ಟೇ ಎಚ್ಚರದಿಂದ ಪರೀಕ್ಷಿಸಬೇಕಾಗಿದೆ.

ಮರ ಗಟ್ಟಿಯಿದ್ದರೆ ಸಾಲದು, ಅದನ್ನು ಕೆಳಗೆ ಕಟ್ಟಿರುವುದು ಯಾವುದು ಎಂದು ಕೇಳಿಕೊಳ್ಳಬೇಕು. ಅನೇಕ ಮನೆಗಳಲ್ಲಿ ಪಕ್ಕಾಸನ್ನು ಅಡ್ಡೆಗೆ ಒಂದೇ ಮೊಳೆಯಲ್ಲಿ ಬಡಿದಿರುತ್ತಾರೆ ಮತ್ತು ಅಡ್ಡೆ ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಹೆಂಚಿನ ಭಾರ ಇರುವವರೆಗೆ ಇದು ನಡೆಯುತ್ತದೆ. ಶೀಟು ಹೊದಿಸಿದ ಮೇಲೆ ನಡೆಯುವುದಿಲ್ಲ. ಸತು ಲೇಪಿತ ಕಬ್ಬಿಣದ ಪಟ್ಟಿಯನ್ನು ಪಕ್ಕಾಸಿನ ಮೇಲಿಂದ ಬಳಸಿ ಎರಡೂ ಬದಿಯಲ್ಲಿ ಅಡ್ಡೆಗೆ ಬೋಲ್ಟ್ ಮಾಡಿಸಬೇಕು. ಗೋಡೆಯ ತಲೆಯಲ್ಲಿ ಕಾಂಕ್ರೀಟ್ ಪಟ್ಟಿಯಿದ್ದರೆ ಅಡ್ಡೆಯನ್ನು ಅದಕ್ಕೆ ಆಂಕರ್ ಬೋಲ್ಟ್‌ನಿಂದ ಬಿಗಿಸಬಹುದು. ಮಣ್ಣಿನ ಗೋಡೆಯ ಮೇಲಿನ ಸಾಲಿಗೆ ಬೋಲ್ಟ್ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಬೋಲ್ಟ್ ಜೊತೆಗೆ ಮಣ್ಣೂ ಕಿತ್ತು ಬರುತ್ತದೆ. ಅಲ್ಲಿ ಪಟ್ಟಿಯನ್ನು ಗೋಡೆಯ ಎರಡೂ ಮೈಯಲ್ಲಿ ಎರಡು-ಮೂರು ಅಡಿ ಕೆಳಗೆ ಇಳಿಸಿ, ಗೋಡೆಯ ಮೂಲಕ ಹಾಯುವ ಬೋಲ್ಟ್‌ನಿಂದ ಜೋಡಿಸಬೇಕು. ಎಲ್ಲ ಪಕ್ಕಾಸುಗಳಿಗೂ ಒಂದೇ ವರ್ಷ ಖರ್ಚು ಮಾಡಲಾಗದಿದ್ದರೆ ಮೂಲೆಗಳಿಂದ ಮತ್ತು ಮಾಡಿನ ಎರಡು ಕೊನೆಗಳಿಂದ ಪ್ರಾರಂಭಿಸಿ ನಡುಭಾಗವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಹಸಿ ಮರದಿಂದ ಮಾಡಿಸಿದ ರೀಪುಗಳ ಬಗ್ಗೆಯೂ ಎಚ್ಚರ ಬೇಕು. ಅವು ಒಣಗುವಾಗ ತಿರುಚಿಕೊಂಡು ಮೊಳೆಯನ್ನು ಮೇಲಕ್ಕೆ ತಳ್ಳುತ್ತವೆ. ಕೈಯಿಂದ ಅಲುಗಿಸಿದಾಗ ಕಿರುಗುಟ್ಟುವ ರೀಪನ್ನು ಅದೇ ತೂತಿನಲ್ಲಿ ಮತ್ತೆ ಬಡಿಯದೆ, ಪಕ್ಕದಲ್ಲಿ ಸ್ಕ್ರೂ ಹಾಕಿ ಬಿಗಿಸಬೇಕು.

ಮೂರನೇ ಹಂತ: ಹೆಂಚು

ಒದ್ದೆಯಾದ ಅಥವಾ ಪಾಚಿ ಹಿಡಿದ ಹೆಂಚಿನ ಮೇಲೆ ಯಾರೂ ಕಾಲಿಡಬಾರದು. ಒಣಗಿದ್ದರೂ ನೇರವಾಗಿ ಹೆಂಚನ್ನು ತುಳಿಯದೆ, ಪಕ್ಕಾಸುಗಳ ಮೇಲೆ ಭಾರ ಬೀಳುವಂತೆ ಹಲಗೆ ಹಾಸಿಕೊಂಡು, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ನೆತ್ತಿಯ ಆಚೆ ಬದಿಯಲ್ಲಿ ಭದ್ರವಾದ ಮರಕ್ಕೋ ಕಂಬಕ್ಕೋ ಬಿಗಿದು ಕೆಲಸ ಮಾಡಬೇಕು. ಮುಚ್ಚಿಗೆ ಇಲ್ಲದ ಮನೆಗಳಲ್ಲಿ ಮೇಲೆ ಹತ್ತದೆಯೇ ಹೆಂಚು ಬದಲಾಯಿಸಬಹುದು: ಒಡೆದ ಹೆಂಚಿನ ಮೇಲಿನ ಸಾಲನ್ನು ಒಳಗಿನಿಂದ ಸ್ವಲ್ಪ ಎತ್ತಿ ಹಿಡಿದು, ಒಡೆದದ್ದನ್ನು ಎಳೆದುಕೊಂಡು, ಹೊಸದನ್ನು ಓರೆಯಾಗಿ ಹೊರಗೆ ತೂರಿಸಿ ರೀಪಿನ ಮೇಲೆ ಕೂರಿಸಬೇಕು. ರೂಢಿಯಿದ್ದವರಿಗೆ ಇದು ಐದು ನಿಮಿಷದ ಕೆಲಸ.

ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಲೋಹದಂಥ ನಾದ ಬಂದರೆ ಅದು ಗಟ್ಟಿ; ಸದ್ದು ಮಂಕಾಗಿದ್ದರೆ ಕಣ್ಣಿಗೆ ಕಾಣದ ಬಿರುಕಿದೆ. ಬದಲಿ ಹೆಂಚು ತರುವಾಗ ಹಳೆಯ ಹೆಂಚೊಂದನ್ನು ಮಾದರಿಯಾಗಿ ತೆಗೆದುಕೊಂಡು ಹೋಗಬೇಕು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಪ್ರಾರಂಭಿಸಿದ ನಂತರ ಅದೇ ಮಾದರಿಯನ್ನು ಹಲವು ಕಾರ್ಖಾನೆಗಳು ತಯಾರಿಸುತ್ತ ಬಂದವು, ಆದರೆ ಪ್ರತಿಯೊಂದರ ಅಳತೆಯಲ್ಲಿಯೂ ತುಸು ವ್ಯತ್ಯಾಸವಿದೆ. ಬೇರೆ ಅಚ್ಚಿನ ಹೆಂಚು ಪಕ್ಕದ ಹೆಂಚಿನ ಗಾಡಿಯಲ್ಲಿ (ಅಂಚಿನ ತಗ್ಗಿನಲ್ಲಿ) ಸರಿಯಾಗಿ ಕೂರದೆ ಎದ್ದು ನಿಂತರೆ, ಗಾಳಿ ಮೊದಲು ಕೈ ಹಾಕುವುದು ಅಲ್ಲಿಗೇ.

ಮಂಗಳೂರು ಹೆಂಚಿನ ಕೆಳಮೈಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಮೂಗಿನ ಬಳಿ ಒಂದು ಸಣ್ಣ ತೂತು ಇರುವುದನ್ನು ಅನೇಕರು ಗಮನಿಸಿರುವುದಿಲ್ಲ. ಅದು ತಂತಿ ಕಟ್ಟುವುದಕ್ಕಾಗಿ ಇರುವುದು. ಸೂರಿನ ಕಡೆಯ ಎರಡು ಸಾಲು ಮತ್ತು ಮಾಡಿನ ಎರಡೂ ಕೊನೆಯ ಹೆಂಚುಗಳನ್ನಾದರೂ ಈ ತೂತಿನ ಮೂಲಕ ರೀಪಿಗೆ ಕಟ್ಟಬೇಕು. ಕಟ್ಟಡದ ಕಂಬಿ ಕಟ್ಟಲು ಬಳಸುವ ಕಪ್ಪು ತಂತಿ ಬೇಡ. ಕೊಡಗಿನ ತೇವದಲ್ಲಿ ಅದು ಬೇಗ ತುಕ್ಕು ಹಿಡಿದು ಉದುರುತ್ತದೆ. ಸತು ಲೇಪಿತ ಅಥವಾ ತಾಮ್ರದ ತಂತಿಯೇ ಆಗಬೇಕು. ನೆತ್ತಿಯ ಮೇಲೆ ಕವುಚಿದ ಹೆಂಚುಗಳ ಗಾರೆ ಬಿರುಕು ಬಿಟ್ಟಿದ್ದರೆ, ಬಿರುಕಿನ ಮೇಲೆ ಸಿಮೆಂಟ್ ಹಾಲು ಬಳಿಯುವುದರಿಂದ ಉಪಯೋಗವಿಲ್ಲ. ಸಡಿಲವಾದ ಗಾರೆಯನ್ನು ಪೂರ್ತಿ ಕಿತ್ತು, ಹೆಂಚನ್ನು ತೊಳೆದು ನೆನೆಸಿ, ಹೊಸ ಗಾರೆಯಲ್ಲಿ ಕೂರಿಸಬೇಕು. ಪಾಚಿಯನ್ನು ಒಣಗಿದಾಗ ಗಟ್ಟಿ ಪೊರಕೆಯಿಂದ ಉಜ್ಜಿ ತೆಗೆದರೆ ಸಾಕು. ಒತ್ತಡದ ನೀರು ಹೊಡೆದರೆ ಹೆಂಚಿನ ಮೇಲ್ಮೈ ಸವೆದು ಹೆಚ್ಚು ನೀರು ಕುಡಿಯಲು ಪ್ರಾರಂಭಿಸುತ್ತದೆ. ಮಂಗಗಳ ಹಾವಳಿ ಇರುವ ಕಡೆ ಇಷ್ಟೆಲ್ಲ ಮಾಡಿದ ಮೇಲೂ ಜುಲೈಯಲ್ಲಿ ಮತ್ತೆ ನಾಲ್ಕು ಹೆಂಚು ಒಡೆಯುತ್ತವೆ ಎಂಬುದು ಬೇರೆ ಮಾತು. ಅದಕ್ಕಾಗಿಯೇ ಇಪ್ಪತ್ತು-ಮೂವತ್ತು ಹೆಂಚುಗಳನ್ನು ದಾಸ್ತಾನು ಇಟ್ಟುಕೊಂಡಿರಬೇಕು.

ನಾಲ್ಕನೇ ಹಂತ: ಶೀಟು ಮತ್ತು ಟ್ರಸ್

ಶೀಟಿನ ಮಾಡಿನಲ್ಲಿ ಮೊದಲು ನೋಡಬೇಕಾದದ್ದು ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರ್. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ; ಅಲ್ಲಿಂದ ನೀರು ಇಳಿದು ತೂತಿನ ಸುತ್ತ ತುಕ್ಕಿನ ಬಳೆ ಮೂಡುತ್ತದೆ; ತುಕ್ಕು ತಿಂದ ತೂತು ಸ್ಕ್ರೂವಿನ ತಲೆಗಿಂತ ದೊಡ್ಡದಾದ ಮೇಲೆ ಸ್ಕ್ರೂ ತನ್ನ ಜಾಗದಲ್ಲೇ ಇದ್ದರೂ ಶೀಟು ಅದನ್ನು ದಾಟಿ ಮೇಲೇಳುತ್ತದೆ. ಸ್ಪ್ಯಾನರ್ ಹಿಡಿದು ಅಂಚಿನ ಸಾಲಿನ ಪ್ರತಿ ಸ್ಕ್ರೂವನ್ನು ತಿರುಗಿಸಿ ನೋಡಬೇಕು. ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇದ್ದರೆ ಕೆಳಗಿನ ಪೈಪಿನಲ್ಲಿ ಅದರ ಹಿಡಿತ ಹೋಗಿದೆ. ಆಗ ಒಂದು ಅಳತೆ ದೊಡ್ಡ ಸ್ಕ್ರೂ ಹಾಕಬೇಕು, ಅಥವಾ ಎರಡು ಇಂಚು ಆಚೆ ಹೊಸದನ್ನು ಹಾಕಿ ಹಳೆಯ ತೂತನ್ನು ಸೀಲಂಟ್‌ನಿಂದ ಮುಚ್ಚಬೇಕು. ಸೂರಿನ ಅಂಚು, ನೆತ್ತಿ ಮತ್ತು ಎರಡು ಕೊನೆಗಳಲ್ಲಿ ಸ್ಕ್ರೂಗಳು ನಡುಭಾಗಕ್ಕಿಂತ ಒತ್ತಾಗಿರಬೇಕು. ಎಲ್ಲ ಕಡೆಯೂ ಒಂದೇ ಅಂತರದಲ್ಲಿದ್ದರೆ ಅಂಚಿನಲ್ಲಿ ನಡುನಡುವೆ ಒಂದೊಂದು ಸೇರಿಸಿಬಿಡಿ. ಇದಕ್ಕಿಂತ ಅಗ್ಗದ ಭದ್ರತೆ ಮತ್ತೊಂದಿಲ್ಲ.

ಕಡೆಯ ಪೈಪಿನಿಂದ ಆಚೆಗೆ ಶೀಟು ಒಂದು ಅಡಿಗಿಂತ ಹೆಚ್ಚು ಚಾಚಿಕೊಂಡಿರಬಾರದು. ಎರಚಲು ತಡೆಯಲೆಂದು ಎರಡು-ಮೂರು ಅಡಿ ಮುಂದೆ ಬಿಟ್ಟ ಶೀಟಿಗೆ ಗಾಳಿ ಕೆಳಗಿನಿಂದ ನುಗ್ಗಿ ಅದನ್ನು ಹಿಂದಕ್ಕೆ ಮಡಚುತ್ತದೆ. ಅಷ್ಟು ಚಾಚು ಬೇಕೇ ಬೇಕೆಂದಾದರೆ ತುದಿಯ ಕೆಳಗೆ ಇನ್ನೊಂದು ಪೈಪು ಮತ್ತು ಅದನ್ನು ಹೊರುವ ಓರೆ ಆಧಾರ ಕೊಡಿಸಬೇಕು.

ಹಲವು ಮನೆಗಳಲ್ಲಿ ಸೋರುವ ತಾರಸಿಯ ಮೇಲೆ ಕಬ್ಬಿಣದ ಟ್ರಸ್ (ಚೌಕಟ್ಟು) ನಿಲ್ಲಿಸಿ ಶೀಟು ಹೊದಿಸಿರುತ್ತಾರೆ. ನಾಲ್ಕೂ ಕಡೆ ತೆರೆದಿರುವ ಈ ರಚನೆಗೆ ಕೆಳಗಿನಿಂದ ತಳ್ಳುವ ಗಾಳಿಯೂ ಮೇಲಿನಿಂದ ಎಳೆಯುವ ಗಾಳಿಯೂ ಒಟ್ಟಿಗೆ ತಾಗುತ್ತವೆ. ಇದರ ಕಂಬಗಳು ಯಾವುದರ ಮೇಲೆ ನಿಂತಿವೆ ಎಂಬುದನ್ನು ಬಗ್ಗಿ ನೋಡಲೇಬೇಕು. ನಾಲ್ಕು ಇಂಚಿನ ಪ್ಯಾರಪೆಟ್ ಗೋಡೆಯ ಇಟ್ಟಿಗೆಗೆ ಬೋಲ್ಟ್ ಹೊಡೆದಿದ್ದರೆ ಅದು ಆಧಾರವೇ ಅಲ್ಲ. ಶೀಟಿನ ಜೊತೆಗೆ ಪ್ಯಾರಪೆಟ್ ಕೂಡ ಅಂಗಳಕ್ಕೆ ಬೀಳುತ್ತದೆ. ಕಂಬದ ತಟ್ಟೆ ಕಾಂಕ್ರೀಟ್ ಸ್ಲ್ಯಾಬಿಗೆ, ಸಾಧ್ಯವಾದರೆ ಕೆಳಗೆ ಪಿಲ್ಲರ್ ಇರುವ ಜಾಗದಲ್ಲಿ, ಆಂಕರ್ ಬೋಲ್ಟ್‌ನಿಂದ ಕೂತಿರಬೇಕು. ಕಂಬದ ಬುಡದಲ್ಲಿ ನೀರು ನಿಲ್ಲುವುದರಿಂದ ಬಣ್ಣದ ಕೆಳಗೆ ತುಕ್ಕು ಹರಡಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಬಣ್ಣ ಚಕ್ಕೆಯಾಗಿ ಎದ್ದು ನಿಜಸ್ಥಿತಿ ಗೊತ್ತಾಗುತ್ತದೆ. ವೆಲ್ಡಿಂಗ್ ಜೋಡಣೆಗಳನ್ನೂ ಹೀಗೆಯೇ ನೋಡಬೇಕು.

ಸಿಮೆಂಟ್ ಶೀಟಿನ ಲೈನ್ ಮನೆಗಳಲ್ಲಿ ಮತ್ತು ಕೊಟ್ಟಿಗೆಗಳಲ್ಲಿ ಜೆ-ಹುಕ್ಕುಗಳ (ಶೀಟನ್ನು ಹಿಡಿದಿಡುವ ಕೊಕ್ಕೆಗಳ) ತುಕ್ಕನ್ನು ಒಳಗಿನಿಂದಲೇ ಪರೀಕ್ಷಿಸಬಹುದು. ಈ ಶೀಟು ವಯಸ್ಸಾದಂತೆ ಪೆಡಸಾಗುವುದರಿಂದ ಅದರ ಮೇಲೆ ಕಾಲಿಡುವುದು ಜೀವಕ್ಕೆ ಅಪಾಯ. ಹಳೆಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದರಿಂದ ಅವುಗಳನ್ನು ಕೊರೆಯುವುದು, ಗರಗಸದಿಂದ ಕತ್ತರಿಸುವುದು, ಒಣ ಬ್ರಷ್‌ನಿಂದ ಉಜ್ಜುವುದು ಕೂಡದು; ಆ ಧೂಳು ಶ್ವಾಸಕೋಶಕ್ಕೆ ಹಾನಿಕರ. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ತಪಾಸಣೆ ಮಾಲೀಕರ ಹೊಣೆಯೇ ಹೊರತು, ವಾಸಿಸುವವರು ತಾವಾಗಿ ಹತ್ತಿ ಮಾಡಿಕೊಳ್ಳಬೇಕಾದ ಕೆಲಸವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಶೀಟಿನ ಮೇಲೆ ಕಲ್ಲು, ಹಳೆಯ ಟೈರು, ಮರಳಿನ ಚೀಲ ಹೇರುವ ಪದ್ಧತಿಯನ್ನು ಬಿಡುವುದೇ ಒಳ್ಳೆಯದು. ಮೇಲೆ ಕೊಟ್ಟ ಲೆಕ್ಕದ ಪ್ರಕಾರ ಹತ್ತು ಚದರ ಮೀಟರಿನ ಒಂದು ಸಣ್ಣ ಪಡಸಾಲೆಯ ಶೀಟನ್ನು ಗಂಟೆಗೆ 90 ಕಿ.ಮೀ. ಗಾಳಿಯಲ್ಲಿ ತೂಕದಿಂದಲೇ ಹಿಡಿದಿಡಲು ಮುನ್ನೂರು ಕಿಲೊಗಿಂತ ಹೆಚ್ಚು ಕಲ್ಲು ಬೇಕು. ನಾಲ್ಕು ಕಲ್ಲುಗಳು ಶೀಟನ್ನು ತಡೆಯುವುದಿಲ್ಲ, ಶೀಟಿನೊಂದಿಗೆ ತಾವೂ ಕೆಳಗೆ ಬೀಳುತ್ತವೆ.

ಎರಚಲಿಗೆ ಕಟ್ಟುವ ಟಾರ್ಪಾಲು

ಪಡುವಣ ಗೋಡೆಗೆ, ಜಗಲಿಗೆ ಮಳೆ ಎರಚದಂತೆ ಟಾರ್ಪಾಲು ಅಥವಾ ನೆರಳು ಬಲೆ ಕಟ್ಟುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಮಣ್ಣಿನ ಗೋಡೆಯ ಮನೆಗೆ ಇದು ಅಗತ್ಯವೂ ಹೌದು. ಆದರೆ ಅದರ ಹಗ್ಗವನ್ನು ಪಕ್ಕಾಸಿನ ತುದಿಗೆ ಕಟ್ಟಿದರೆ, ಟಾರ್ಪಾಲು ಹಿಡಿದ ಗಾಳಿಯ ಅಷ್ಟೂ ಬಲ ಸೂರಿನ ಮೇಲೆಯೇ ಬೀಳುತ್ತದೆ. ಸೂರಿನಿಂದ ಒಂದಡಿ ಒಳಗೆ ಬೇರೆಯೇ ಬಿದಿರಿನ ಅಥವಾ ಕಬ್ಬಿಣದ ಗೂಟಗಳನ್ನು ನೆಲಕ್ಕೆ ನೆಟ್ಟು, ಅವುಗಳಿಗೆ ಮೇಲೂ ಕೆಳಗೂ ಕಟ್ಟುವುದು ಸರಿಯಾದ ಕ್ರಮ. ಗಾಳಿ ಹಾಯುವ ಬಲೆ ಗಾಳಿ ಹಾಯದ ಟಾರ್ಪಾಲಿಗಿಂತ ಮೇಲು.

ತಾರಸಿ ಮನೆಗಳು

ಕಾಂಕ್ರೀಟ್ ತಾರಸಿ ಹಾರಿಹೋಗುವುದಿಲ್ಲವಾದ್ದರಿಂದ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ಹೊರಹೋಗುವ ಕೊಳವೆಗಳ ಬಾಯಲ್ಲಿ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡಿದೆಯೇ ಎಂದು ಮಳೆಗಾಲವಿಡೀ ವಾರಕ್ಕೊಮ್ಮೆ ನೋಡಬೇಕು. ಹತ್ತು ಸೆಂಟಿಮೀಟರ್ ಎತ್ತರ ನಿಂತ ನೀರು ಪ್ರತಿ ಚದರ ಮೀಟರಿನ ಮೇಲೆ ನೂರು ಕಿಲೊ ಭಾರ ಹಾಕುತ್ತದೆ. ಪ್ಯಾರಪೆಟ್‌ನ ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರುಸಹಿತ ತೆಗೆಯಬೇಕು. ಖಾಲಿ ನೀರಿನ ಟ್ಯಾಂಕನ್ನು ಕಟ್ಟಿಡಬೇಕು ಅಥವಾ ತುಂಬಿಸಿಡಬೇಕು.

ಐದನೇ ಹಂತ: ದಂಬೆ, ಮತ್ತು ಮಾಡಿನ ನೀರು ಹೋಗುವ ದಾರಿ

ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿನ ಮೇಲೆ ದಿನಕ್ಕೆ 150 ಮಿ.ಮೀ. ಮಳೆ ಸುರಿದರೆ ಹದಿನೈದು ಸಾವಿರ ಲೀಟರ್ ನೀರು ಕೆಳಗಿಳಿಯುತ್ತದೆ. ಕೊಡಗಿನ ಪಶ್ಚಿಮ ಭಾಗದವರಿಗೆ ಇದು ಅಪರೂಪದ ಮಳೆಯೇನಲ್ಲ.

ಎರಡು ಮಾಡುಗಳು ಸೇರುವ ಮೂಲೆಯ ತಗಡು ಮೊದಲು ತುಕ್ಕು ಹಿಡಿಯುವ ಜಾಗ. ಅಲ್ಲಿ ಎಲೆ, ಮಣ್ಣು ಕೂತು ವರ್ಷವಿಡೀ ತೇವ ಆರುವುದಿಲ್ಲ. ಹೆಂಚು ಸರಿಸಿ ತಗಡನ್ನು ಪೂರ್ತಿ ನೋಡಬೇಕು. ದಂಬೆಯ (ಸೂರಿನ ನೀರು ಹಿಡಿಯುವ ಕಾಲುವೆಯ) ಮೇಲ್ತುದಿಯಲ್ಲಿ ಒಂದು ಬಿಂದಿಗೆ ನೀರು ಸುರಿದರೆ ಅದು ನಡುವೆ ನಿಲ್ಲದೆ ಕೊನೆಯವರೆಗೆ ಹರಿಯಬೇಕು. ನಿಂತರೆ ಅಲ್ಲಿನ ಹಿಡಿಕೆ ಬಾಗಿದೆ. ನೀರು ತುಂಬಿದ ದಂಬೆಯ ಭಾರ ಪಕ್ಕಾಸಿನ ತುದಿಯನ್ನೇ ಎಳೆಯುವುದರಿಂದ ಇದು ಕೇವಲ ಸೋರಿಕೆಯ ವಿಷಯವಲ್ಲ.

ಇನ್ನು, ಆ ಹದಿನೈದು ಸಾವಿರ ಲೀಟರ್ ಎಲ್ಲಿಗೆ ಹೋಗುತ್ತದೆ? ಗುಡ್ಡವನ್ನು ಕಡಿದು ಮನೆ ಕಟ್ಟಿದ ಕಡೆ ಮನೆಯ ಹಿಂದೆ ಬರೆ (ಕಡಿದ ಗುಡ್ಡದ ಮೈ) ಇರುತ್ತದೆ, ಮುಂದೆ ತಡೆಗೋಡೆಯ ಮೇಲಿನ ಅಂಗಳ ಇರುತ್ತದೆ. ಹಿಂಬದಿಯ ಸೂರಿನ ನೀರು ಬರೆಯ ಬುಡವನ್ನು ಕೊರೆಯುತ್ತದೆ. ಮುಂಬದಿಯ ನೀರು ಅಂಗಳದಲ್ಲಿ ಇಂಗಿ ತಡೆಗೋಡೆಯನ್ನು ಹಿಂದಿನಿಂದ ತಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆಯ ಕಡೆ ಗುಡ್ಡಗಳೇ ಜರಿದದ್ದನ್ನು ಕಂಡ ಜಿಲ್ಲೆಯಲ್ಲಿ, ಇಳಿಜಾರಿಗೆ ನೀರು ಇಂಗಿಸುವುದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಗೆ ಒಳ್ಳೆಯದಾದ ಇಂಗುಗುಂಡಿಯನ್ನು ಬರೆಯ ಮೇಲೋ ಅಂಗಳದ ಅಂಚಿನಲ್ಲೋ ತೋಡಬಾರದು. ದಂಬೆಯಿಂದ ಪೈಪು ಇಳಿಸಿ, ಸಿಮೆಂಟ್ ಹಾಕಿದ ಚರಂಡಿಯಲ್ಲಿ ನೀರನ್ನು ಸಹಜವಾದ ತೋಡಿನವರೆಗೆ ಕೊಂಡೊಯ್ಯಬೇಕು. ಆ ನೀರು ಕೆಳಗಿನ ಮನೆಯವರ ಬರೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕಾದದ್ದು ನೆರೆಹೊರೆಯ ಧರ್ಮ. ಬರೆಯ ಮೇಲ್ಭಾಗದಲ್ಲಿ ನೆಲ ಸೀಳು ಬಿಟ್ಟಿದ್ದರೆ, ಮರಗಳು ಓರೆಯಾಗಿದ್ದರೆ, ಬುಡದಲ್ಲಿ ಹೊಸದಾಗಿ ಕೆಸರು ನೀರು ಜಿನುಗುತ್ತಿದ್ದರೆ, ಮಾಡು ಎಷ್ಟೇ ಭದ್ರವಾಗಿದ್ದರೂ ಆ ಮನೆಯಲ್ಲಿ ಉಳಿಯುವಂತಿಲ್ಲ.

ಆರನೇ ಹಂತ: ಮರ ಮತ್ತು ವಿದ್ಯುತ್ ತಂತಿ

ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ನಡೆಯುವಾಗಲೇ ಮನೆಯ ಸುತ್ತಲಿನ ಮರಗಳನ್ನೂ ನೋಡಿಸಿಬಿಡುವುದು ಅನುಕೂಲ, ಏಕೆಂದರೆ ಮರ ಹತ್ತುವವರು ಆಗ ಕೈಗೆ ಸಿಗುತ್ತಾರೆ. ಮನೆಗೂ ಮರಕ್ಕೂ ಇರುವ ದೂರ ಮರದ ಎತ್ತರಕ್ಕಿಂತ ಕಡಿಮೆಯಿದ್ದರೆ ಅದು ತಪಾಸಣೆಯ ಪಟ್ಟಿಗೆ ಸೇರುತ್ತದೆ. ಒಣಗಿದ ಕೊಂಬೆ, ಬುಡದಲ್ಲಿ ಪೊಳ್ಳು ಅಥವಾ ಅಣಬೆ, ಒಂದು ಬದಿಗೆ ಮಾತ್ರ ಬೆಳೆದ ರೆಂಬೆ, ಅಂಗಳ ಅಗೆಯುವಾಗ ಕಡಿದುಹೋದ ಬೇರು, ಇವು ಅಪಾಯದ ಗುರುತುಗಳು. ಹಲವು ಜಾತಿಯ ಮರಗಳನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ ಮತ್ತು ಅದಕ್ಕೆ ಸಮಯ ಹಿಡಿಯುತ್ತದೆ. ಅರ್ಜಿಯನ್ನು ಬೇಸಿಗೆಯ ಪ್ರಾರಂಭದಲ್ಲೇ ಕೊಡಬೇಕು. ತಂತಿಗೆ ತಾಗುವ ಕೊಂಬೆಯನ್ನು ಮನೆಯವರೇ ಕಡಿಯಲು ಹೋಗಬಾರದು. ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂಗೆ 1912 ಸಂಖ್ಯೆಯಲ್ಲಿ ದೂರು ಕೊಟ್ಟು ಲೈನ್ ಆಫ್ ಮಾಡಿಸಿಯೇ ಕೆಲಸ ಆಗಬೇಕು. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್ ಕಬ್ಬಿಣದ ಶೀಟಿಗೋ ದಂಬೆಗೋ ಉಜ್ಜುತ್ತಿದ್ದರೆ ಅದನ್ನು ಅಂದೇ ಸರಿಪಡಿಸಬೇಕು.

ಮಳೆ ಹಿಡಿದ ಮೇಲೆ

ಜೂನ್ ನಂತರ ಹೊರಗಿನಿಂದ ಮಾಡು ಹತ್ತುವ ಪ್ರಶ್ನೆಯೇ ಇಲ್ಲ. ಆದರೆ ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳಿನ) ನಡುವೆ ಒಂದೆರಡು ದಿನ ಮಳೆ ಹೊಳವಾದಾಗ ಅಟ್ಟದ ಒಳಗಿನಿಂದ ಎರಡನೇ ಸುತ್ತು ನೋಡಬಹುದು. ಏಪ್ರಿಲ್‌ನಲ್ಲಿ ಹಾಕಿದ ಸೀಮೆಸುಣ್ಣದ ಗುರುತನ್ನು ದಾಟಿ ತೇವ ಹರಡಿದೆಯೇ, ಕಬ್ಬಿಣದ ಪಟ್ಟಿಯ ಬೋಲ್ಟುಗಳು ಸಡಿಲವಾಗಿವೆಯೇ ಎಂಬ ಎರಡು ವಿಷಯಗಳನ್ನು ನೋಡಿದರೆ ಸಾಕು. ದಾಸ್ತಾನಿನ ಹೆಂಚು, ಸತು ಲೇಪಿತ ತಂತಿ, ಹಗ್ಗ, ಒಂದು ಗಟ್ಟಿ ಟಾರ್ಪಾಲು, ಶೀಟಿನ ತೂತಿಗೆ ಅಂಟಿಸುವ ಡಾಂಬರಿನ ಟೇಪು, ಟಾರ್ಚ್, ಇವು ಅಟ್ಟದಲ್ಲಿ ಅಲ್ಲ, ಕೆಳಗೆ ಕೈಗೆ ಸಿಗುವ ಕಡೆ ಇರಬೇಕು. ಗಾಳಿ ಜೋರಾದಾಗ ಗಾಳಿಗೆದುರಾದ ಬಾಗಿಲು-ಕಿಟಕಿಗಳನ್ನು ಭದ್ರವಾಗಿ ಮುಚ್ಚಬೇಕು. ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ಒಳಗಿನಿಂದ ಮಾಡನ್ನು ಮೇಲಕ್ಕೆ ತಳ್ಳಿ, ಹೊರಗಿನ ಎಳೆತಕ್ಕೆ ಜೊತೆಗೂಡುತ್ತದೆ.

ಇಷ್ಟರ ನಂತರವೂ ಹಾನಿಯಾದರೆ, ಟಾರ್ಪಾಲು ಹೊದಿಸುವ ಮೊದಲು ನಾಲ್ಕೂ ಕಡೆಯಿಂದ ಚಿತ್ರ ತೆಗೆದುಕೊಂಡು, ಗ್ರಾಮ ಆಡಳಿತ ಅಧಿಕಾರಿಗೆ ಮತ್ತು ಗ್ರಾಮ ಪಂಚಾಯಿತಿಗೆ ಅಂದೇ ಲಿಖಿತವಾಗಿ ತಿಳಿಸಬೇಕು. ಪಟ್ಟಣ ವ್ಯಾಪ್ತಿಯವರು ಸ್ಥಳೀಯ ಸಂಸ್ಥೆಗೂ ತಿಳಿಸಬೇಕಾಗುತ್ತದೆ. ಪರಿಹಾರ ಹಾನಿಯ ಪ್ರಮಾಣವನ್ನು ಅವಲಂಬಿಸಿರುವುದರಿಂದ, ಬೇಸಿಗೆಯಲ್ಲಿ ಅಂಗಳದಿಂದ ತೆಗೆದಿಟ್ಟ ಚಿತ್ರಗಳನ್ನೂ ಅರ್ಜಿಯ ಜೊತೆಗೆ ಲಗತ್ತಿಸಿದರೆ, ಹಾನಿ ಈ ಗಾಳಿಮಳೆಯಿಂದಲೇ ಆದದ್ದು ಎಂದು ತೋರಿಸುವುದು ಸುಲಭವಾಗುತ್ತದೆ.